ಹಿಮ ತೂರುವ ಯಂತ್ರ

ಅಂದಾನಿ ಒಂದು ಕಡೆ ಕೂತು ಕಾಫಿ ಕುಡಿದದ್ದನ್ನು ಚೆನ್ನೈಯ ಕ್ರೋಂಪೇಟೆಯಲ್ಲಿ ಯಾರೂ ಕಂಡವರಿಲ್ಲ. ಲೋಟ ಹಿಡಿದುಕೊಂಡು ವರ್ಕ್‌ಶಾಪಿನ ಈ ಮೂಲೆಯಿಂದ ಆ ಮೂಲೆಗೆ ಓಡಾಡುತ್ತಲೇ ಕುಡಿದು ಮುಗಿಸುತ್ತಿದ್ದ. ಚಾಮರಾಜನಗರದ ಹತ್ತಿರದ ಊರಿನಿಂದ ಇಪ್ಪತ್ತೆರಡನೇ ವಯಸ್ಸಿಗೆ ಇಲ್ಲಿಗೆ ಬಂದವನು, ಚರ್ಮ ಹದಮಾಡುವ ಕಾರ್ಖಾನೆಗಳಲ್ಲಿ ಫಿಟ್ಟರಾಗಿ ಮೂವತ್ತು ವರ್ಷ ದುಡಿದಿದ್ದ. ಮನೆಯಷ್ಟು ಎತ್ತರದ ಮರದ ಪೀಪಾಯಿಗಳು ಹಗಲೂ ರಾತ್ರಿ ತಿರುಗುತ್ತಲೇ ಇರುವಂತೆ ಅವುಗಳ ಗೇರು, ಬೇರಿಂಗು ನೋಡಿಕೊಳ್ಳುವುದು ಅವನ ಕೆಲಸ. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಒಂದು ಲೇತು, ಒಂದು ವೆಲ್ಡಿಂಗ್ ಸೆಟ್ಟು ಇಟ್ಟುಕೊಂಡು ಸ್ಟೇಷನ್ನಿನ ಹಿಂದೆ ಸ್ವಂತ ಶೆಡ್ಡು ಹಾಕಿದ. ಕೆಲಸ ಇದ್ದ ದಿನ ಇತ್ತು, ಇಲ್ಲದ ದಿನ ಇಲ್ಲ. ಇಲ್ಲದ ದಿನಗಳಲ್ಲಿ ಅವನನ್ನು ಸಹಿಸುವುದು ಹೆಂಡತಿ ಹುಚ್ಚಮ್ಮನಿಗೆ ಕಷ್ಟವಾಗುತ್ತಿತ್ತು.

ಮಗಳು ಮೌನ ಮನೆ ಬಿಟ್ಟು ಹೋದ ಮೇಲಂತೂ ಅವನ ಕಾಲು ನೆಲಕ್ಕೆ ನಿಲ್ಲುತ್ತಲೇ ಇರಲಿಲ್ಲ.

ಇದ್ದವಳು ಒಬ್ಬಳೇ ಮಗಳು. ನರ್ಸಿಂಗ್ ಓದಿ ನುಂಗಂಬಾಕ್ಕಂನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಊರ ಕಡೆಯ ಒಂದು ಮನೆತನದವರಿಗೆ ಅಂದಾನಿ ಅವಳನ್ನು ಕೇಳದೆಯೇ ಮಾತು ಕೊಟ್ಟುಬಿಟ್ಟ. ಹುಡುಗನ ಕಡೆಯವರು ಬಂದು ಕೂತ ದಿನ ಅವಳು ಎಲ್ಲರ ಮುಂದೆ, "ನನಗೆ ಇದು ಬೇಡ" ಅಂದಳು. ಅಂದಾನಿ ಕೆಂಡಾಮಂಡಲವಾಗಿ, "ನಿನ್ನನ್ನ ಓದಿಸಿದ್ದೇ ತಪ್ಪಾಯ್ತು" ಅಂದ. ಅದಾಗಿ ಒಂದು ತಿಂಗಳಿಗೆ ಅವಳು ಹಿಮಾಚಲದ ಒಂದು ಕಣಿವೆಯ ಧರ್ಮಾಸ್ಪತ್ರೆಯಲ್ಲಿ ಕೆಲಸ ಹಿಡಿದು ಹೊರಟೇಹೋದಳು. ಹದಿನಾಲ್ಕು ತಿಂಗಳಿನಿಂದ ಅವಳ ಫೋನು ಬರುತ್ತಿದ್ದದ್ದು ಅಮ್ಮನಿಗೆ ಮಾತ್ರ. ಅಂದಾನಿ ಬಾಗಿಲ ಹತ್ತಿರ ನಿಂತು, ಎಂದೋ ಒರೆಸಿ ಆಗಿದ್ದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಾ ಕಿವಿಗೊಡುತ್ತಿದ್ದ.

ಹಾಗೆ ನಿಂತೇ ಅವನು ಕಳೆದ ಚಳಿಗಾಲದ ಸಂಗತಿ ಕೇಳಿದ್ದು. ಆಸ್ಪತ್ರೆಯಿಂದ ದೊಡ್ಡ ರಸ್ತೆಗೆ ಒಂದೂವರೆ ಕಿಲೋಮೀಟರು. ಸೊಂಟದವರೆಗೆ ಹಿಮ ಬಿದ್ದಿತ್ತಂತೆ. ಹೆರಿಗೆ ಕಷ್ಟವಾದ ಹೆಂಗಸೊಬ್ಬಳನ್ನು ಪೇಟೆಯ ಆಸ್ಪತ್ರೆಗೆ ಸಾಗಿಸಬೇಕಿತ್ತು. ಒಂಬತ್ತು ಜನ ಸಲಿಕೆ ಹಿಡಿದು ದಾರಿ ಬಿಡಿಸುವಷ್ಟರಲ್ಲಿ ಮೂರು ಗಂಟೆ ಕಳೆಯಿತು. "ತಾಯಿ ಉಳ್ಕೊಂಡ್ಳು. ಮಗು ಉಳೀಲಿಲ್ಲಮ್ಮ" ಎಂದ ಮೌನಾಳ ದನಿ ಫೋನಿನಿಂದ ಬಾಗಿಲವರೆಗೂ ಬಂದಿತ್ತು. ಅಂದಾನಿ ಅಂದು ಪಲ್ಲಾವರದವರೆಗೆ ನಡೆದುಹೋಗಿ, ಯಾಕೆ ಬಂದೆನೆಂದು ಗೊತ್ತಾಗದೆ ವಾಪಸು ನಡೆದು ಬಂದಿದ್ದ.

ಆಗಸ್ಟಿನಲ್ಲಿ ಹಳೇ ಮೋಟಾರೊಂದನ್ನು ಹುಡುಕಿಕೊಂಡು ಅದೇ ಪಲ್ಲಾವರದ ಗುಜರಿ ಅಂಗಡಿಗೆ ಹೋದ. ಅಲ್ಲಿ ತುಕ್ಕು ಹಿಡಿದ ಫ್ರಿಜ್ಜುಗಳ ನಡುವೆ ಕೆಂಪು ಬಣ್ಣದ ಒಂದು ಯಂತ್ರ ಮಗುಚಿ ಬಿದ್ದಿತ್ತು. ಅರ್ಧ ಸೀಳಿದ ಪೀಪಾಯಿಯಂಥ ನಾಲ್ಕಡಿ ಅಗಲದ ಬಾಯಿ, ಬಾಯೊಳಗೆ ಅಡ್ಡಲಾಗಿ ದಪ್ಪ ತಿರುಪು, ಅದರ ಹಿಂದೆ ರೆಕ್ಕೆಗಳ ಚಕ್ರ, ಮೇಲಕ್ಕೆ ಬಾತುಕೋಳಿಯ ಕತ್ತಿನಂತೆ ಬಾಗಿದ ಕೊಳವೆ.

"ಇದೇನು?" ಎಂದು ಕೇಳಿದ.

"ಸ್ನೋ ಅಳ್ಳುರ ಮೆಷಿನ್ ಅಣ್ಣೇ" ಅಂದ ಅಂಗಡಿಯ ಸೆಲ್ವಂ. ಹಿಮ ಬಾಚುವ ಯಂತ್ರ. ಸಮುದ್ರದ ದಡದ ರಸ್ತೆಯಲ್ಲಿ ಯಾರೋ ಹಿಮದ ಆಟದ ಪಾರ್ಕು ಕಟ್ಟಲು ಹೊರಟು, ಇದನ್ನು ಹೊರದೇಶದಿಂದ ಸೆಕೆಂಡ್ ಹ್ಯಾಂಡಿಗೆ ತರಿಸಿ, ಪಾರ್ಕು ತೆರೆಯುವ ಮೊದಲೇ ಕೈತೊಳೆದುಕೊಂಡಿದ್ದರಂತೆ.

ಅಂದಾನಿ ಕುಕ್ಕರುಗಾಲಲ್ಲಿ ಕೂತು ತಿರುಪನ್ನು ಕೈಯಿಂದ ತಿರುಗಿಸಿದ. ಅದು ಕಿರಗುಟ್ಟುತ್ತಾ ತಿರುಗಿತು. ಮೋಟಾರಿನ ವಿಷಯ ಅವನಿಗೆ ಮರೆತೇಹೋಯಿತು. ತನ್ನ ಹಳೇ ಡ್ರಿಲ್ಲಿಂಗ್ ಮೆಷಿನನ್ನು ಸೆಲ್ವಂಗೆ ಕೊಟ್ಟು, ಬದಲಿಗೆ ಅದನ್ನು ಮೀನುಗಾಡಿಯಂಥ ಮೂರು ಚಕ್ರದ ಗಾಡಿಯಲ್ಲಿ ಹೇರಿಕೊಂಡು ಬಂದ.

ಹುಚ್ಚಮ್ಮ ಸೊಂಟದ ಮೇಲೆ ಕೈಯಿಟ್ಟು ಯಂತ್ರವನ್ನು ಒಂದು ಸುತ್ತು ಹಾಕಿದಳು. "ಮದ್ರಾಸಲ್ಲಿ ಬೆವರು ಬಾಚಕ್ಕೆ ಒಂದು ಮೆಷಿನ್ ತಂದಿದ್ರೆ ಉಪಯೋಗಕ್ಕೆ ಬರ್ತಿತ್ತು" ಅಂದಳು.

"ಅವಳಿಗೆ" ಅಂದ ಅಂದಾನಿ.

ಹುಚ್ಚಮ್ಮ ಸೊಂಟದ ಮೇಲಿನ ಕೈ ಇಳಿಸಿದಳು.

ಆಸ್ಪತ್ರೆಯಲ್ಲಿ ಕಟ್ಟಿಗೆ, ನೀರು ಸಾಗಿಸಲು ಒಂದು ಚಿಕ್ಕ ಟ್ರಾಕ್ಟರ್ ಇದೆಯೆಂದು ಮೌನ ಎಂದೋ ಹೇಳಿದ್ದು ಅವನಿಗೆ ನೆನಪಿತ್ತು. ಆದರೆ ಈ ಯಂತ್ರ ಟ್ರಾಕ್ಟರಿನ ಮುಂದೆ ಕಟ್ಟುವಂಥದ್ದು. ನಮ್ಮ ಟ್ರಾಕ್ಟರುಗಳಲ್ಲಿ ಯಂತ್ರಗಳಿಗೆ ಶಕ್ತಿ ಕೊಡುವ ಶಾಫ್ಟು ಇರುವುದು ಹಿಂದೆ. ಪಿಟಿಓ ಅನ್ನುತ್ತಾರೆ ಅದಕ್ಕೆ. ಹಾಗಾಗಿ ಇದನ್ನು ಹಿಂದೆ ಕಟ್ಟಿ, ಟ್ರಾಕ್ಟರನ್ನೇ ಹಿಮ್ಮುಖವಾಗಿ ಓಡಿಸಬೇಕು. ಶಾಫ್ಟು ತಿರುಗುವುದಕ್ಕಿಂತ ಯಂತ್ರ ನಾಲ್ಕು ಪಟ್ಟು ಜೋರಾಗಿ ತಿರುಗಬೇಕು. ಎತ್ತುವ ತೋಳುಗಳ ಅಗಲ, ಎತ್ತರ, ಪಿನ್ನಿನ ದಪ್ಪ ಎಲ್ಲ ಗೊತ್ತಾಗಬೇಕು. ಅಳತೆ ಇರುವುದು ಎರಡೂವರೆ ಸಾವಿರ ಕಿಲೋಮೀಟರು ದೂರದಲ್ಲಿ.

ಸಂಜೆ ಫೋನು ಬಂದಾಗ ಅವನು ಬಾಗಿಲಿನಿಂದ ಒಳಗೆ ಬಂದು ಹೆಂಡತಿಯ ಪಕ್ಕ ನಿಂತ. "ಟ್ರಾಕ್ಟರಿನ ಹಿಂದಿನ ಶಾಫ್ಟಿಗೆ ಎಷ್ಟು ಹಲ್ಲು ಕೇಳು."

"ಮೌನಾ, ನಿಮ್ಮಪ್ಪ ಕೇಳ್ತಾರೆ, ನಿಮ್ಮ ಟ್ರಾಕ್ಟರಿಗೆ ಹಲ್ಲು ಎಷ್ಟವೆ ಅಂತ." ಆಮೇಲೆ ಗಂಡನ ಕಡೆ ತಿರುಗಿ, "ಟ್ರಾಕ್ಟರಿಗೆ ಯಾಕೆ ಹಲ್ಲು ಅಂತಾಳೆ."

"ಪಿಟಿಓ ಶಾಫ್ಟು ಅನ್ನು."

"ಪಿಟೀಲು ಶಾಫ್ಟಂತೆ ಕಣವ್ವ."

"ಪಿಟೀಲಲ್ಲ! ಪಿ, ಟಿ..."

"ಅಯ್ಯೋ, ಒಲೆ ಮೇಲೆ ಸಾರು ಉಕ್ತಾ ಅದೆ, ನೀವೇ ಮಾತಾಡ್ಕಳಿ" ಎಂದು ಹುಚ್ಚಮ್ಮ ಫೋನನ್ನು ಅವನ ಕೈಗೆ ತುರುಕಿ ಒಳಗೆ ಹೋದಳು.

ಫೋನಿನಲ್ಲಿ ಗಾಳಿಯ ಸದ್ದು ಕೇಳುತ್ತಿತ್ತು.

"ಸೊಲ್ಲುಪ್ಪಾ" ಅಂದಳು ಮೌನ. ಹೇಳಪ್ಪ ಅನ್ನುವುದು ಶಾಲೆಯ ದಿನದಿಂದ ಅವಳ ಬಾಯಿಗೆ ತಮಿಳಿನಲ್ಲೇ ಬರುತ್ತಿತ್ತು.

ಅವನು ಯಂತ್ರದ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

"ಇದನ್ನ ಮಾಡು ಅಂತ ನಿನ್ನ ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ."

"ಮತ್ತೆ?"

"ಸುಮ್ನೆ ಕೂರಕ್ಕೆ ಆಗ್ತಾ ಇಲ್ಲ ಕಣವ್ವ."

ಮತ್ತೆ ಗಾಳಿ. ಅವಳು ಫೋನಿಟ್ಟೇಬಿಡುತ್ತಾಳೆ ಅಂದುಕೊಂಡ. "ಲೈನಲ್ಲೇ ಇರು" ಅಂದಳು. "ಶೆಡ್ಡಿಗೆ ಹೋಗಿ ನೋಡ್ತೀನಿ."

ಆರು ಹಲ್ಲು ಇದ್ದವು. ಮುಂದಿನ ಹತ್ತು ದಿನ ಅವಳು ಡ್ಯೂಟಿಯ ನಡುವೆ ಬಿಡುವು ಸಿಕ್ಕಾಗಲೆಲ್ಲ ಅಪ್ಪನ ಫೋನಿಗೇ ಅಳತೆಗಳನ್ನು ಹೇಳಿದಳು. ಅಲ್ಲಿ ಕಬ್ಬಿಣದ ಟೇಪು ಇರಲಿಲ್ಲ. ಹುಟ್ಟಿದ ಮಗುವಿನ ತಲೆ ಸುತ್ತಳತೆ ತೆಗೆಯುವ ಟೇಪಿನಲ್ಲೇ ಟ್ರಾಕ್ಟರಿನ ತೋಳುಗಳನ್ನು ಅಳೆದಳು. ಅಂದಾನಿ ಅವನ್ನು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ. ಬೇರೆ ಮಾತು ನಡೆಯುತ್ತಿರಲಿಲ್ಲ. ಊಟ ಆಯ್ತಾ ಎಂದು ಕೇಳಬೇಕೆನಿಸಿದಾಗೆಲ್ಲ ಅವನು ಇನ್ನೊಂದು ಅಳತೆ ಕೇಳುತ್ತಿದ್ದ.

ಕಟ್ಟಿ ನೋಡಲು ಟ್ರಾಕ್ಟರ್ ಕೊಟ್ಟವನು ಗಂಗಾಧರ. ಕುಂದಾಪುರದ ಕಡೆಯವನು, ಸ್ಟೇಷನ್ನಿನೆದುರು ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ. ಹೋಟೆಲಿಗೆ ಬೇಕಾದ ಬಾಳೆಎಲೆ ಬೆಳೆಯಲು ತಾಂಬರಂ ಆಚೆ ಒಂದು ತೋಟ, ತೋಟಕ್ಕೊಂದು ಚಿಕ್ಕ ಟ್ರಾಕ್ಟರ್ ಇಟ್ಟಿದ್ದ. ಸೆಪ್ಟೆಂಬರ್ ಕೊನೆಯಲ್ಲಿ ಅಂದಾನಿ ಯಂತ್ರಕ್ಕೆ ಹೊಸ ಚೌಕಟ್ಟು ವೆಲ್ಡ್ ಮಾಡಿ, ವೇಗ ಏರಿಸಲು ದೊಡ್ಡದೂ ಚಿಕ್ಕದೂ ಎರಡು ಚಕ್ರಗಳಿಗೆ ಚೈನು ಹಾಕಿ ತೋಟಕ್ಕೆ ಒಯ್ದ. ತರಗೆಲೆಯ ರಾಶಿಗೆ ಬಾಯಿ ಕೊಟ್ಟು ಓಡಿಸಿದರೆ ಎಲೆಯೆಲ್ಲ ಎಡಕ್ಕೂ ಬಲಕ್ಕೂ ಚೆದುರಿತು.

"ಇದು ಒಳಗೆ ಎಳೀತಾ ಇಲ್ಲ ಮಾರಾಯ್ರೆ" ಅಂದ ಗಂಗಾಧರ. "ಹೊರಗೆ ನೂಕ್ತಾ ಉಂಟು."

ಯಂತ್ರ ಉಲ್ಟಾ ತಿರುಗುತ್ತಿತ್ತು. ಮುಂದೆ ಕಟ್ಟುವುದನ್ನು ಹಿಂದೆ ಕಟ್ಟಿದರೆ ದಿಕ್ಕು ಬದಲಾದೀತೆಂಬುದನ್ನು ಮೂವತ್ತು ವರ್ಷ ಗೇರುಗಳ ಜೊತೆ ಬಾಳಿದವನು ಯೋಚಿಸಿಯೇ ಇರಲಿಲ್ಲ. ನಾಚಿಕೆಯಾಯಿತು. ಎರಡು ದಿನ ಅನ್ನದ ತಟ್ಟೆ ಹಿಡಿದುಕೊಂಡೇ ಅಡುಗೆಮನೆಯಿಂದ ಬೀದಿಗೆ, ಬೀದಿಯಿಂದ ಅಡುಗೆಮನೆಗೆ ತಿರುಗಾಡಿದ. ಮೂರನೇ ದಿನ ಹೊಳೆಯಿತು. ಚೈನು ಹಾಕಿದರೆ ಎರಡು ಚಕ್ರವೂ ಒಂದೇ ದಿಕ್ಕಿಗೆ ತಿರುಗುತ್ತವೆ. ಹಲ್ಲಿಗೆ ಹಲ್ಲು ಕೂಡಿಸಿದ ಗೇರುಗಳಾದರೆ ಒಂದು ಬಲಕ್ಕೆ ತಿರುಗಿದಾಗ ಇನ್ನೊಂದು ಎಡಕ್ಕೇ ತಿರುಗಬೇಕು. ವೇಗವೂ ಏರುತ್ತದೆ, ದಿಕ್ಕೂ ಸರಿಹೋಗುತ್ತದೆ. ಮುಚ್ಚಿದ ಕಾರ್ಖಾನೆಯೊಂದರ ಕಾವಲುಗಾರ ಹಳೇ ಪರಿಚಯದವನು. ಅವನನ್ನು ಕೇಳಿ ಪೀಪಾಯಿಯ ಒಂದು ದೊಡ್ಡ ಗೇರು ತಂದ. ಅದಕ್ಕೆ ಜೋಡಿಯಾಗುವ ಚಿಕ್ಕದನ್ನು ಗೇರಿಗೆ ಹಲ್ಲು ಕೊರೆಯುವವರ ಹತ್ತಿರ ಮಾಡಿಸಿದ. ಎರಡನ್ನೂ ಒಂದು ಬೀಡು ಕಬ್ಬಿಣದ ಪೆಟ್ಟಿಗೆಯಲ್ಲಿ ಕೂರಿಸಿದ.

ಆಸ್ಪತ್ರೆಗೆ ವರ್ಷಕ್ಕೊಂದು ಸಲ ಇಲ್ಲಿಂದ ಔಷಧಿ, ಹಾಸಿಗೆ ತುಂಬಿದ ಲಾರಿ ಹೋಗುತ್ತಿತ್ತು. ಅದನ್ನು ನಡೆಸುವ ಧರ್ಮಸಂಸ್ಥೆಯ ಕಚೇರಿ ನುಂಗಂಬಾಕ್ಕಂನಲ್ಲಿ. ಲಾರಿ ಹೊರಡುವುದು ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ. ಅದು ತಪ್ಪಿದರೆ ದಾರಿ ಮುಚ್ಚಿ, ಮುಂದಿನ ವರ್ಷದ ಮಾತು.

ಹತ್ತೊಂಬತ್ತನೇ ತಾರೀಕು ಅಂದಾನಿ ಹಿಮದ ಪರೀಕ್ಷೆ ಇಟ್ಟುಕೊಂಡ. ಚೆನ್ನೈಯಲ್ಲಿ ಹಿಮಕ್ಕೆ ಹತ್ತಿರದ್ದು ಅಂದರೆ ಕಾಸಿಮೇಡು ಬಂದರಿನ ಐಸು. ಮೀನು ತುಂಬಲು ಪುಡಿಮಾಡಿದ ಐಸನ್ನು ಒಂದು ಲಾರಿ ತುಂಬಿಸಿಕೊಂಡು, ಗೋಣಿತಾಟು ಮುಚ್ಚಿ ತೋಟಕ್ಕೆ ತಂದು ಸುರಿಸಿದ. ಗಂಗಾಧರ ಮೂಗಿಗೆ ಟವೆಲು ಹಿಡಿದ. "ಎಂತ ಅಂದಾನಿಯವ್ರೆ, ನನ್ನ ಬಾಳೆಎಲೆಗೆಲ್ಲ ಬಂಗುಡೆ ವಾಸನೆ ಬಂದ್ರೆ ಗಿರಾಕಿಗಳು ಏನಂತಾರೆ?"

ತಿರುಪಿನ ಶಾಫ್ಟಿನಲ್ಲಿ ಒಂದು ಬೋಲ್ಟು ಇತ್ತು. ಅದು ಬೇಕೆಂದೇ ಮೆತ್ತಗಿನದು. ಕಲ್ಲೋ ಗಡ್ಡೆಯೋ ಸಿಕ್ಕಿಕೊಂಡರೆ ಮೊದಲು ಅದು ಮುರಿಯುತ್ತದೆ, ಒಳಗಿನ ಗೇರು ಉಳಿಯುತ್ತದೆ. ಅಂದಾನಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಅಂದು ಐಸು ಕಣ್ಣೆದುರಿಗೇ ಕರಗಿ ಪಾತಿಗೆ ಹರಿಯುತ್ತಿತ್ತು. ಪೂರ್ವದಲ್ಲಿ ಮೋಡ ಕಟ್ಟುತ್ತಿತ್ತು. ಬೋಲ್ಟು ಒಂದು ಸಲ ಮುರಿಯಿತು, ಹೊಸದು ಹಾಕಿದ. ಮತ್ತೆ ಮುರಿಯಿತು. ಮೂರನೇ ಸಲ ಮುರಿದಾಗ ಅವನು ಜೇಬಿನಿಂದ ಕಪ್ಪು ಬಣ್ಣದ ಗಟ್ಟಿ ಬೋಲ್ಟೊಂದನ್ನು ತೆಗೆದು ಬಿಗಿದ. ಒಂದೇ ಸಲ, ಎಷ್ಟು ದೂರ ಎಸೆಯುತ್ತದೆಂದು ನೋಡಿ ತೆಗೆದುಬಿಟ್ಟರಾಯಿತು ಅಂದುಕೊಂಡ.

ಎರಡು ನಿಮಿಷ ಯಂತ್ರ ಕನಸಿನಂತೆ ಓಡಿತು. ಐಸು ಬಿಳಿಯ ಕಮಾನಾಗಿ ಎದ್ದು ಇಪ್ಪತ್ತು ಅಡಿ ಆಚೆ ಬಾಳೆಗಿಡಗಳ ಮೇಲೆ ಸುರಿಯಿತು. ಕಳೆ ಕೀಳುತ್ತಿದ್ದ ಹೆಂಗಸರು ಕಿರುಚಿ, ನಕ್ಕು, ಸೆರಗೊಡ್ಡಿ ಹಿಡಿದರು. ಅಂದಾನಿಗೆ ಕುಣಿಯಬೇಕು ಅನ್ನಿಸಿತು. ಅಷ್ಟರಲ್ಲಿ ಪುಡಿಯಾಗದೆ ಉಳಿದಿದ್ದ ಐಸಿನ ದೊಡ್ಡ ಗಡ್ಡೆಯೊಂದು ಬಾಯಿಗೆ ಸಿಕ್ಕಿತು. ಬಂದೂಕು ಹಾರಿದಂತೆ ಸದ್ದಾಯಿತು. ಟ್ರಾಕ್ಟರ್ ನಡುಗಿ ನಿಂತಿತು. ಗೇರಿನ ಪೆಟ್ಟಿಗೆ ಮೇಲಿನಿಂದ ಕೆಳಗಿನವರೆಗೆ ಸೀಳಿ, ಎಣ್ಣೆ ಐಸಿನ ಮೇಲೆ ಕಪ್ಪಗೆ ಸೋರುತ್ತಿತ್ತು.

"ಎಂತಾಯ್ತು?" ಎಂದು ಗಂಗಾಧರ ಓಡಿ ಬಂದ. ಅಂದಾನಿ ತೋಟದ ಬೇಲಿಯವರೆಗೆ ನಡೆದು ಹೋದ, ತಿರುಗಿ ಬಂದ, ಮತ್ತೆ ಬೇಲಿಯವರೆಗೆ ಹೋದ. ಅಲ್ಲಿ ನಿಂತು ಮಗಳಿಗೆ ತಾನೇ ಫೋನು ಮಾಡಿದ.

"ಒಡೆದೋಯ್ತು ಕಣವ್ವ."

"ಹೆಂಗೆ?"

ಐಸು ಸರಿ ಇರಲಿಲ್ಲ ಅನ್ನಬಹುದಿತ್ತು. ಹಳೇ ಕಬ್ಬಿಣ ಅನ್ನಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದವು.

"ನಾನೇ ಒಡೆದೆ" ಅಂದ. "ಮೆತ್ತಗಿನ ಬೋಲ್ಟು ಹಾಕೋ ಕಡೆ ಗಟ್ಟಿದು ಹಾಕ್ಬುಟ್ಟೆ. ತಡಕೊಳಕ್ಕೆ ಆಗ್ಲಿಲ್ಲ." ಆಮೇಲೆ ಹೇಳಿದ: "ಆವತ್ತೂ ಹಂಗೇ ಆಯ್ತು. ನಿನ್ನ ಒಂದು ಮಾತು ಕೇಳ್ದೆ ಅವರಿಗೆ ಮಾತು ಕೊಟ್ಬುಟ್ಟೆ. ಆಮೇಲೆ ಆಡಬಾರದ್ದು ಆಡ್ದೆ."

ಆ ಕಡೆ ಯಾರೋ ಅವಳನ್ನು ಹಿಂದಿಯಲ್ಲಿ ಕರೆಯುತ್ತಿದ್ದರು.

"ಅದು ಈಗ ಬೇಡಪ್ಪ" ಅಂದಳು ಮೌನ. "ಎದುರಿಗೆ ಕೂತು ಮಾತಾಡಣ. ಸರಿ ಮಾಡಕ್ಕೆ ಎಷ್ಟು ದಿನ ಬೇಕು?"

"ಗೊತ್ತಿಲ್ಲ. ಇರೋದು ಐದು ದಿನ."

"ಮಾಡು ಮತ್ತೆ."

ಅಂದೇ ಮಳೆ ಹಿಡಿಯಿತು. ಮರುದಿನದ ಹೊತ್ತಿಗೆ ಕ್ರೋಂಪೇಟೆಯ ಬೀದಿಗಳಲ್ಲಿ ಮೊಣಕಾಲುದ್ದ ನೀರು, ಶೆಡ್ಡಿನೊಳಗೆ ಹಿಮ್ಮಡಿ ಮುಳುಗುವಷ್ಟು. ಒಡೆದ ಬೀಡು ಕಬ್ಬಿಣಕ್ಕೆ ಬೆಸುಗೆ ನಿಲ್ಲುವ ಭರವಸೆ ಇರಲಿಲ್ಲ. ಅವನು ದಪ್ಪ ಉಕ್ಕಿನ ತಗಡು ಕತ್ತರಿಸಿ ಹೊಸ ಪೆಟ್ಟಿಗೆಯನ್ನೇ ಕಟ್ಟಲು ಕೂತ. ವೆಲ್ಡಿಂಗ್ ಸೆಟ್ಟನ್ನು ಬೆಂಚಿನ ಮೇಲೆ ಎತ್ತಿಟ್ಟ. ಕರೆಂಟು ಹೋಗುವುದು, ಬರುವುದು. ಬರುವವರೆಗೆ ಅರ ಹಿಡಿದು ಉಜ್ಜುವುದು. ಊಟ ತಂದ ಹುಚ್ಚಮ್ಮ ಬುತ್ತಿಯನ್ನು ಮೊಳೆಗೆ ನೇತುಹಾಕಿ, ಸೀರೆ ಎತ್ತಿಕಟ್ಟಿ, ಬಕೆಟ್ಟು ಹಿಡಿದು ನೀರು ಮೊಗೆಯತೊಡಗಿದಳು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅವಳು ಅವನ ಕೆಲಸದ ಜಾಗದಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ನಿಂತದ್ದು ಅದೇ ಮೊದಲು. ತಗಡು ಅಲುಗದಂತೆ ಹಿಡಿಯಲೂ ಅವಳೇ ಬೇಕಾಯಿತು.

"ಕಣ್ಣು ಮುಚ್ಚು, ಬೆಂಕಿ ನೋಡಬ್ಯಾಡ."

"ಮುಚ್ಚಿದೀನಿ. ನೀವು ಬೇಗ ಮುಗ್ಸಿ, ಕೈ ಸುಡ್ತಾ ಅದೆ."

ಇಪ್ಪತ್ತನಾಲ್ಕರ ಬೆಳಿಗ್ಗೆ ಕೊನೆಯ ಬೆಸುಗೆ ಬಿತ್ತು. ಪರೀಕ್ಷೆಗೆ ಹೊತ್ತೂ ಇರಲಿಲ್ಲ, ಐಸೂ ಇರಲಿಲ್ಲ. ಕೈಯಲ್ಲಿ ತಿರುಗಿಸಿ ನೋಡಿದ, ಅಷ್ಟೆ. ಗಂಗಾಧರನ ಹೋಟೆಲಿನ ವ್ಯಾನಿನಲ್ಲಿ ನುಂಗಂಬಾಕ್ಕಂಗೆ ಮುಟ್ಟುವಾಗ ಲಾರಿಯ ಚಾಲಕ ಹಿಂದಿನ ಬಾಗಿಲು ಬಿಗಿಯುತ್ತಿದ್ದ. ಹಾಸಿಗೆಗಳನ್ನು ಇಳಿಸಿ, ಯಂತ್ರ ಹತ್ತಿಸಿ, ಹಾಸಿಗೆಗಳನ್ನು ಮತ್ತೆ ತುಂಬಿದರು. ಲಾರಿ ತಿರುವಿನಲ್ಲಿ ಮರೆಯಾದ ಮೇಲೂ ಅಂದಾನಿ ರಸ್ತೆಯ ಮಧ್ಯೆ ನಿಂತೇ ಇದ್ದ. ಆಟೋದವರು ಹಾರನ್ ಹೊಡೆದು ಬೈದು ಹೋದರು.

ಆಮೇಲಿನದೇ ಅವನಿಗೆ ಕಷ್ಟದ ಕಾಲ. ಕೈಯಲ್ಲಿ ಕೆಲಸವಿಲ್ಲ, ಬೆಸುಗೆ ಹಿಡಿಯಿತೋ ಇಲ್ಲವೋ ಗೊತ್ತಿಲ್ಲ. ನವೆಂಬರ್ ಎರಡನೇ ವಾರ ಯಂತ್ರ ತಲುಪಿತು. ಮಗುವಿನ ಟೇಪು ಎಳೆದರೆ ಹಿಗ್ಗುವಂಥದ್ದಾಗಿತ್ತೇನೋ, ಒಂದು ಕಡೆ ಪಿನ್ನಿನ ತೂತು ನಾಲ್ಕು ಮಿಲಿಮೀಟರು ತಪ್ಪಿತ್ತು. ಟ್ರಾಕ್ಟರ್ ಓಡಿಸುವ ತೇನ್ಜಿನ್ ಮತ್ತು ಮೌನ ಸರದಿಯಲ್ಲಿ ದುಂಡು ಅರದಿಂದ ಎರಡು ದಿನ ಉಜ್ಜಿ ಸರಿಮಾಡಿದರು. ಅಷ್ಟೂ ಹೊತ್ತು ಅಂದಾನಿ ಫೋನಿನಲ್ಲಿ, "ಇನ್ನೊಂದಿಷ್ಟು, ಇನ್ನೊಂದಿಷ್ಟು, ಸಾಕು, ಈಗ ಹಾಕಿ ನೋಡು" ಅನ್ನುತ್ತಿದ್ದ.

ಎಲ್ಲ ಸಿದ್ಧವಾಯಿತು. ಹಿಮವೇ ಬೀಳಲಿಲ್ಲ.

ದಿನಕ್ಕೆ ಹತ್ತು ಸಲ ಅವನು ಫೋನಿನಲ್ಲಿ ಆ ಕಣಿವೆಯ ಹವೆ ನೋಡಿದ. ಬಿಸಿಲು, ಬಿಸಿಲು, ಮೋಡ, ಬಿಸಿಲು. ಹಿಮ ಬೀಳಲಿ ಅಂದುಕೊಳ್ಳುವಾಗೆಲ್ಲ ಆ ಹೆಂಗಸಿನ ನೆನಪಾಗಿ, ಎಂಥ ಮಾತು ಅಂದುಕೊಂಡೆ ಎಂದು ಅಳುಕಾಗುತ್ತಿತ್ತು. ಬೀಳದೇ ಇರಲಿ ಅಂದುಕೊಳ್ಳಲೂ ಆಗುತ್ತಿರಲಿಲ್ಲ. ಗಂಗಾಧರ ಕೌಂಟರಿನಿಂದಲೇ, "ಕೂತ್ಕೊಳ್ಳಿ ಮಾರಾಯ್ರೆ, ನನ್ನ ಹೋಟೆಲಿನ ನೆಲ ಸವೀತದೆ" ಅನ್ನುತ್ತಿದ್ದ.

ಡಿಸೆಂಬರ್ ಹತ್ತೊಂಬತ್ತಕ್ಕೆ ಬಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಲೇತಿನ ಮುಂದೆ ನಿಂತಿದ್ದಾಗ ಫೋನು ಬಂತು.

"ಅಪ್ಪಾ, ರಸ್ತೆ ತನಕ ಹೋಗಿ ಬಂದ್ವಿ. ಒಂದೂವರೆ ಗಂಟೆ ಹಿಡೀತು. ಎರಡು ಸಲ ನಿಂತೋಯ್ತು, ಬೋಲ್ಟು ಬದಲಾಯಿಸಿದ್ವಿ. ಆಮೇಲೆ ಆ ಕೊಳವೆ ಒಂದೇ ಕಡೆ ತಿರುಗಿ ಬಿಗಿದುಕೊಂಡ್ಬಿಟ್ಟಿತ್ತು. ದಾರಿ ಪಕ್ಕದ ಸ್ಕೂಲ್ ಮೇಷ್ಟ್ರ ಮನೆ ಸೌದೆ ರಾಶಿ ಪೂರ್ತಿ ಹಿಮದೊಳಗೆ ಮುಚ್ಚಿಹೋಯ್ತು. ಅವರು ತೇನ್ಜಿನ್‌ಗೆ ಬೈತಾನೇ ಇದ್ದಾರೆ." ಅವಳು ಓಡಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು. "ಉಸಿರಾಟದ ತೊಂದರೆ ಇರೋ ಒಬ್ಬ ತಾತ ಇದ್ರು. ಈಗಷ್ಟೇ ಜೀಪಲ್ಲಿ ಕಳಿಸಿದ್ವಿ."

ಅಂದಾನಿ ಲೇತು ಆಫ್ ಮಾಡಿದ. "ಪೆಟ್ಟಿಗೆ ಸೋರ್ತಾ ಅದಾ?"

"ಇಲ್ಲ."

"ಸದ್ದು ಹೆಂಗದೆ? ಕೇಳ್ಸು."

ಅವಳು ಫೋನನ್ನು ಯಂತ್ರದ ಹತ್ತಿರ ಹಿಡಿದಳು. ಎಂಜಿನ್ನಿನ ಗುಡುಗು, ತಿರುಪಿನ ಕರಕರ, ಅದರ ಅಡಿಯಲ್ಲಿ ಗೇರುಗಳ ಸಣ್ಣ ಕೂಗು. ಅವನು ಕಣ್ಣು ಮುಚ್ಚಿ ಕೇಳಿದ. ಸ್ಟೇಷನ್ನಿಗೆ ಬಂದ ರೈಲಿನ ಗದ್ದಲಕ್ಕೆ ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡ.

"ಬಲಗಡೆ ಬೇರಿಂಗಿಗೆ ಗ್ರೀಸು ಸಾಲ್ದು" ಅಂದ.

"ಅಪ್ಪಾ."

"ಏನವ್ವ?"

"ಒಂದೇ ಒಂದು ಸಲ ಚೆನ್ನಾಗದೆ ಅನ್ನು."

ಅಂದಾನಿ ಲೇತಿನ ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತುಕೊಂಡ.

"ಚೆನ್ನಾಗದೆ" ಅಂದ. ಆಮೇಲೆ, "ಮೇ ತಿಂಗಳಲ್ಲಿ ನಾವಿಬ್ಬರೂ ಬರಣ ಅಂತ. ಬರಬೋದಾ?"

"ಬನ್ನಿ" ಅಂದಳು ಮೌನ. "ಗ್ರೀಸು ಎಷ್ಟು ಹಾಕಲಿ?"